ಎರಡೂ ಎಡಗೈ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಅಮ್ಮ ಒಂದು ಹಾಳೆ ಅಂಟಿಸಿದ್ದಳು. ಅಮ್ಮ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿ ತಿರುಗಿ ತಕ್ಕಡಿ ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಮನೆಯಲ್ಲೂ ಅವಳ ಮಾತು ಹಾಗೆಯೇ, ಒಂದು ಗ್ರಾಂ ಹೆಚ್ಚಿರುವುದಿಲ್ಲ, ಒಂದು ಗ್ರಾಂ ಕಡಿಮೆ ಇರುವುದಿಲ್ಲ. ಹಾಳೆಯನ್ನೂ ಇಲಾಖೆಯ ಫಾರಂ ಥರವೇ ಗೆರೆ ಎಳೆದು ತುಂಬಿದ್ದಳು. ಪರೀಕ್ಷೆಗೆ ಒಳಪಟ್ಟದ್ದು: ಮಗಳು. ಅವಧಿ: ಒಂದು ಸೀಸನ್. ಷರತ್ತು: ಲೀಗ್‌ನಲ್ಲಿ ಒಂದಾದರೂ ಪಂದ್ಯ ಆಡಿರಬೇಕು. ಆಡಿದರೆ ಕ್ರಿಕೆಟ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಕಿಟ್ ಬ್ಯಾಗು ಅಟ್ಟಕ್ಕೆ, ಮಗಳು ಕಾಲೇಜಿಗೆ. ಕೆಳಗೆ ‘ಫಲಿತಾಂಶ’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು. ನಮ್ಮಿಬ್ಬರ ಸಹಿ, ಸಾಕ್ಷಿಗೆ ಅಜ್ಜಿಯದೊಂದು ಸಹಿ. ಅಜ್ಜಿ ಕನ್ನಡಕವನ್ನೂ ಹುಡುಕದೆ ಸಹಿ ಹಾಕಿ, ಟಿವಿಯಲ್ಲಂತೂ ಬರ್ತೀಯಲ್ಲ ಎಂದಿದ್ದಳು.

ಅಮ್ಮನದೂ ತಪ್ಪಿಲ್ಲ. ಪ್ರಾಕ್ಟೀಸು ಅಂತ ಅಲೆದು ಕಾಲೇಜಿನಲ್ಲಿ ನನ್ನ ಹಾಜರಿ ಎಷ್ಟು ಕೆಳಗೆ ಹೋಗಿತ್ತೆಂದರೆ, ಒಬ್ಬ ಲೆಕ್ಚರರ್ ನನ್ನನ್ನು ಹೊಸ ಅಡ್ಮಿಷನ್ ಅಂದುಕೊಂಡಿದ್ದರು.

ಲೀಗ್‌ಗೆ ಆಟಗಾರ್ತಿಯರನ್ನು ಕೊಳ್ಳುವ ಹರಾಜಿನಲ್ಲಿ ನನ್ನ ಹೆಸರು ಬಂದದ್ದು ಕೊನೆಯ ಸುತ್ತಿನ ಕೊನೆಗೆ. ತಂಡದಲ್ಲಿ ಹದಿನೆಂಟು ಜನ ಇರಲೇಬೇಕು ಅನ್ನುವುದು ನಿಯಮ. ನಮ್ಮ ತಂಡಕ್ಕೆ ಹದಿನೇಳು ಜನ ಸಿಕ್ಕಿದ್ದರು, ಊಟದ ಹೊತ್ತೂ ಮೀರಿತ್ತು. ಹದಿನೆಂಟನೆಯವಳು ನಾನು.

ಹಿಂದಿನ ವರ್ಷ ಐದು ತಂಡಗಳಲ್ಲಿ ಐದನೆಯದಾಗಿ ಬಂದಿದ್ದ ತಂಡವದು. ಕ್ಯಾಪ್ಟನ್ ಅಕ್ಕ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಲೀಗ್‌ಗೆಂದು ರಜೆ ಹಾಕಿ ಬಂದಿದ್ದಳು. ಬ್ಯಾಟು ಬೀಸುತ್ತಾಳೆ, ಸ್ಪಿನ್ ಹಾಕುತ್ತಾಳೆ, ಬೈದರೆ ಪಾರ್ಸಲ್ ಮೇಲೆ ಠಸ್ಸೆ ಒತ್ತಿದ ಹಾಗೆ ಒಂದೇ ಏಟಿಗೆ ಬೈದು ಮುಗಿಸುತ್ತಾಳೆ. ಕೋಚ್ ಮೇಡಂ ಹಳೆಯ ಕಾಲದವರು. ಅವರು ಆಡುತ್ತಿದ್ದಾಗ ತಂಡದವರೆಲ್ಲ ಶಾಲೆಯ ಬೆಂಚುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದರಂತೆ. ಹೋಟೆಲಿನ ಹಾಸಿಗೆ ಮೆತ್ತಗಿದೆ, ಬೆನ್ನು ನೋವು ಎಂದು ಯಾರಾದರೂ ಗೊಣಗಿದರೆ ಅವರು ಸುಮ್ಮನೆ ನೋಡುತ್ತಿದ್ದರು. ಆ ನೋಟಕ್ಕೇ ಬೆನ್ನು ನೆಟ್ಟಗಾಗುತ್ತಿತ್ತು.

ಆಡುವ ಹನ್ನೊಂದರಲ್ಲಿ ನಾನಿರಲಿಲ್ಲ. ಹೊರಗೆ ಕೂತವರಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವಳು, ಜೋರಾಗಿ ಓಡುವವಳೂ ನಾನೇ. ಹಾಗಾಗಿ ನೀರು ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನೀರು, ಟವೆಲ್ಲು, ಗ್ಲೌಸು, ಮೇಡಂ ಹೇಳಿ ಕಳಿಸುವ ಮಾತು. ಮೂರನೇ ದಿನಕ್ಕೆ ನನ್ನ ಹೆಸರೇ ‘ನೀರು’ ಎಂದಾಯಿತು. ಒಮ್ಮೆ ಹೋಟೆಲಿನ ಕಾರಿಡಾರಿನಲ್ಲಿ ನಿಂತು ಕ್ಯಾಪ್ಟನ್ ಅಕ್ಕ ನನ್ನನ್ನು ಕೂಗಿದಾಗ, ನಾನು ಬಾಗಿಲು ತೆರೆಯುವ ಮೊದಲೇ ಹೋಟೆಲಿನವರು ನಾಲ್ಕು ಬಾಟಲಿ ತಂದು ನಿಂತಿದ್ದರು.

ಕೆಲಸದಲ್ಲಿ ಮಾತ್ರ ಬುದ್ಧಿ ಓಡಿಸಿದೆ. ಯಾರಿಗೆ ಉಪ್ಪು ಬೆರೆಸಿದ ನೀರು, ಯಾರಿಗೆ ಸಕ್ಕರೆ, ಯಾರಿಗೆ ಬರೀ ತಣ್ಣೀರು ಎಂದು ತಿಳಿಯಲು ಬಾಟಲಿಗಳ ಕುತ್ತಿಗೆಗೆ ಬಣ್ಣಬಣ್ಣದ ರಬ್ಬರ್ ಬ್ಯಾಂಡ್ ಹಾಕಿದೆ. ಪ್ರತಿ ಭಾನುವಾರ ಅಮ್ಮ ಫೋನ್ ಮಾಡುತ್ತಿದ್ದಳು. ಆಡಿದೆಯಾ ಅನ್ನುವಳು. ಇಲ್ಲ ಅನ್ನುವೆ. ಸರಿ ಅಂತ ಫೋನನ್ನು ಅಜ್ಜಿಗೆ ಕೊಡುವಳು. ಟಿವಿಯಲ್ಲಿ ನಿನ್ನ ಬೆನ್ನು ಬಂತು, ಜಡೆ ಗಟ್ಟಿಯಾಗಿ ಹೆಣೆದುಕೋ ಎಂದು ಅಜ್ಜಿ ಹೇಳುವಳು.

ಮೊದಲ ಎರಡು ಪಂದ್ಯ ಸೋತೆವು. ಮೂರನೆಯದನ್ನು ನಾನು ಸೋಲಿಸಿದೆ.

ಹನ್ನೊಂದರಲ್ಲಿ ಇಲ್ಲದವಳು ಪಂದ್ಯ ಸೋಲಿಸುವುದು ಅಷ್ಟು ಸುಲಭವಲ್ಲ. ಆ ದಿನ ಸೆಕೆ ಎಷ್ಟಿತ್ತೆಂದರೆ ಬ್ಯಾಟಿನ ಹಿಡಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕ್ಯಾಪ್ಟನ್ ಅಕ್ಕ ಚೆನ್ನಾಗಿ ಹೊಡೆಯುತ್ತಿದ್ದಳು. ಗೆಲ್ಲಲು ಇಪ್ಪತ್ತು ರನ್ ಬಾಕಿ ಇದ್ದಾಗ ಕೈಯೆತ್ತಿ ಒಣ ಗ್ಲೌಸ್ ಬೇಕೆಂದು ಸನ್ನೆ ಮಾಡಿದಳು. ನಾನು ಬ್ಯಾಗಿಗೆ ಕೈ ಹಾಕಿ ಸಿಕ್ಕಿದ್ದನ್ನು ಎಳೆದುಕೊಂಡು ಓಡಿದೆ. ಅವಳು ಎರಡೂ ಒದ್ದೆ ಗ್ಲೌಸ್ ಬಿಚ್ಚಿ ನನ್ನ ಕೈಗಿತ್ತು, ಹೊಸ ಎಡಗೈ ಗ್ಲೌಸ್ ಹಾಕಿಕೊಂಡಳು. ಆಮೇಲೆ ಇನ್ನೊಂದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದೂ ಎಡಗೈಯದೇ.

ಅಂಪೈರ್ ಗಡಿಯಾರ ತೋರಿಸಿದರು. ಅಕ್ಕ ಬಲಗೈಗೆ ಹಳೆಯ ಒದ್ದೆ ಗ್ಲೌಸನ್ನೇ ಏರಿಸಿದಳು. ಮುಂದಿನ ಎಸೆತಕ್ಕೆ ಬ್ಯಾಟು ಕೈಯಲ್ಲೇ ಜಾರಿ ತಿರುಗಿತು, ಚೆಂಡು ನೆಟ್ಟಗೆ ಫೀಲ್ಡರ್ ಕೈಗೆ ಹೋಯಿತು. ನಾಲ್ಕು ರನ್ನಿನಿಂದ ಸೋತೆವು.

ಸಂಜೆಯ ಹೊತ್ತಿಗೆ ಆ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು. ಯಾರೋ ಅದಕ್ಕೆ ಸಂಗೀತ ಬೇರೆ ಜೋಡಿಸಿದ್ದರು. ಮರುದಿನ ಹೋಟೆಲಿನ ಲಿಫ್ಟ್ ಹತ್ತಿರ ಸುತ್ತಿಗೆ ಎದುರಾದಳು. ಅವಳು ಅಂಕಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡದ ದೊಡ್ಡ ಹೊಡೆತಗಾರ್ತಿ, ಬಲಗೈ ಆಟಗಾರ್ತಿ, ಹೊಡೆತದ ಸದ್ದಿಗೇ ಆ ಹೆಸರು ಬಂದದ್ದು. ನನ್ನನ್ನು ನೋಡಿ ನಕ್ಕು ಕೈಕುಲುಕಲು ಕೈ ಚಾಚಿದಳು. ಎಡಗೈ. ಅವಳ ಜೊತೆಯವರೆಲ್ಲ ಗೋಡೆಗೆ ಒರಗಿ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಕ್ಯಾಪ್ಟನ್ ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೇಡಂ ಮಾತ್ರ ನನ್ನನ್ನು ಕರೆದು ತಂಡದವರ ಗ್ಲೌಸನ್ನೆಲ್ಲ ಒಂದು ಬುಟ್ಟಿಗೆ ಸುರಿದು ನನ್ನ ಮುಂದಿಟ್ಟರು.

“ಇವತ್ತಿಂದ ಇದು ನಿಂದು. ತಪ್ಪು ಮಾಡಿದವಳಷ್ಟು ಹುಷಾರಾಗಿ ಬೇರೆ ಯಾರೂ ನೋಡ್ಕೊಳಲ್ಲ.”

ಅಂದಿನಿಂದ ಗ್ಲೌಸುಗಳನ್ನು ಜೋಡಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆ. ಬಿಸಿಲಿಗೆ ಒಣಗಿಸಿದೆ, ಮುಂಗೈ ಪಟ್ಟಿಗಳನ್ನು ಒರೆಸಿದೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರಲ್ಲ, ನನಗೆ ಯಾರ ಕೈ ಕಂಡರೂ ಕಣ್ಣು ಗ್ಲೌಸಿಗೇ ಹೋಗುತ್ತಿತ್ತು. ಎದುರು ತಂಡದವರದಾದರೂ ಸರಿ. ಯಾರು ಯಾವಾಗ ಬದಲಾಯಿಸುತ್ತಾರೆ, ಯಾರು ಹಲ್ಲಿನಿಂದ ಪಟ್ಟಿ ಬಿಚ್ಚುತ್ತಾರೆ, ಯಾರು ಎರಡು ಓವರಿಗೊಮ್ಮೆ ಸುಮ್ಮನೆ ಕೇಳಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲವೂ ನನಗೆ ಬಾಯಿಪಾಠ ಆಯಿತು.

ನಾಲ್ಕನೇ ಪಂದ್ಯದಿಂದ ನಮ್ಮ ಅದೃಷ್ಟ ಮಗ್ಗುಲು ಬದಲಿಸಿತು. ಓಪನರ್ ಚಿಗರೆ, ತಂಡದಲ್ಲೇ ಎಲ್ಲರಿಗಿಂತ ಚುರುಕಿನ ಫೀಲ್ಡರ್ ಅವಳು, ಒಂದೇ ಪಂದ್ಯದಲ್ಲಿ ಮೂವರನ್ನು ರನೌಟ್ ಮಾಡಿದಳು. ಐದನೆಯದರಲ್ಲಿ ಕ್ಯಾಪ್ಟನ್ ಅಕ್ಕ ಕೊನೆಯ ಎಸೆತಕ್ಕೆ ಬೌಂಡರಿ ಬಾರಿಸಿದಳು, ನಾವೆಲ್ಲ ಚಪ್ಪಲಿಯಲ್ಲೇ ಮೈದಾನಕ್ಕೆ ನುಗ್ಗಿ ಬೈಸಿಕೊಂಡೆವು. ಆರನೆಯದನ್ನು ಸುತ್ತಿಗೆಯ ತಂಡಕ್ಕೆ ಸೋತೆವು. ಏಳು, ಎಂಟು ಗೆದ್ದೆವು. ಮೂರನೇ ಸ್ಥಾನಕ್ಕೆ ಏರಿ, ಎರಡನೇ ಸ್ಥಾನದವರನ್ನು ಸೋಲಿಸಿ ಫೈನಲ್ ತಲುಪಿದೆವು. ಬಸ್ಸಿನಲ್ಲಿ ಹಾಡು, ಕುಣಿತ, ಡ್ರೈವರಣ್ಣನಿಗೂ ತಂಡದ ಟೋಪಿ. ನಾನಂತೂ ಸೀಟಿನ ಮೇಲೆ ಹತ್ತಿ ಕುಣಿದು ತಲೆಗೆ ಬುಗುಟು ಎಬ್ಬಿಸಿಕೊಂಡೆ.

ಆದರೆ ಪ್ರತಿ ಪಂದ್ಯಕ್ಕೂ ಗೋಡೆಗೆ ಅಂಟಿಸುವ ಹನ್ನೊಂದರ ಪಟ್ಟಿಯಲ್ಲಿ ನಾನು ಮಾತ್ರ ಇರಲಿಲ್ಲ. ಗೆಲ್ಲುತ್ತಿರುವ ತಂಡವನ್ನು ಯಾರು ಬದಲಿಸುತ್ತಾರೆ. ನಾವು ಗೆದ್ದಷ್ಟೂ ನನ್ನ ಕಿಟ್ ಬ್ಯಾಗು ಅಟ್ಟಕ್ಕೆ ಹತ್ತಿರವಾಗುತ್ತಿತ್ತು. ಆದರೂ ಗೆಲ್ಲಲಿ ಅಂತಲೇ ಹಾರೈಸುತ್ತಿದ್ದೆ, ಅದೇ ವಿಚಿತ್ರ.

ಆರನೇ ಪಂದ್ಯದಲ್ಲಿ ಇನ್ನೊಂದು ಸಂಗತಿ ಕಂಡಿತ್ತು. ಸುತ್ತಿಗೆ ಎಲ್ಲರ ಹಾಗೆ ಎರಡೂ ಗ್ಲೌಸ್ ಬದಲಿಸುತ್ತಿರಲಿಲ್ಲ. ಒಮ್ಮೊಮ್ಮೆ ಬಲಗೈಯದನ್ನು ಮಾತ್ರ ತರಿಸುತ್ತಿದ್ದಳು. ತರಿಸಿದ ಮುಂದಿನ ಎಸೆತವನ್ನು ತನ್ನ ಎಡಕ್ಕೆ, ಗಡಿಯ ಹಗ್ಗದಾಚೆ ಎತ್ತಿ ಹೊಡೆಯುತ್ತಿದ್ದಳು. ಹಾಗೆ ಹೊಡೆಯಲು ಬ್ಯಾಟಿನ ಹಿಡಿಯಲ್ಲಿ ಕೆಳಗಿರುವ ಬಲಗೈ ಜಾರಬಾರದು. ಎರಡು ಸಲ ಹಾಗಾಯಿತು. ಹೋಟೆಲಿಗೆ ಬಂದು ಅವಳ ಹಳೆಯ ಪಂದ್ಯಗಳ ವಿಡಿಯೊ ಫೋನಿನಲ್ಲಿ ಹುಡುಕಿ ನೋಡಿದೆ. ಅಲ್ಲೂ ಹಾಗೆಯೇ. ಯಾರಿಗಾದರೂ ಹೇಳಬೇಕಿತ್ತು. ಆದರೆ ನನ್ನ ಬಾಯಲ್ಲಿ ಗ್ಲೌಸ್ ಅನ್ನುವ ಮಾತು ಬಂದರೆ ಸಾಕು, ಬಸ್ಸಿಡೀ ಎಡಗೈ ಎತ್ತುತ್ತಿತ್ತು. ನುಂಗಿಕೊಂಡೆ.

ಫೈನಲ್ ಮಧ್ಯಾಹ್ನದ ಪಂದ್ಯ. ಬೆಳಿಗ್ಗೆ ಪಟ್ಟಿ ಅಂಟಿಸಿದರು. ಮೇಲಿಂದ ಕೆಳಕ್ಕೆ ಓದಿದೆ, ಕೆಳಗಿಂದ ಮೇಲಕ್ಕೆ ಓದಿದೆ. ನಾನಿಲ್ಲ. ಅಲ್ಲಿಗೆ ಫ್ರಿಜ್ಜಿನ ಮೇಲಿನ ಹಾಳೆ ತುಂಬಿದ ಹಾಗೇ. ಪಂದ್ಯದ ದಿನ ಫೋನುಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾರೆ, ಅಮ್ಮನಿಗೆ ಹೇಳುವುದೊಂದು ತಪ್ಪಿತು. ಶೌಚಾಲಯಕ್ಕೆ ಹೋಗಿ ಮುಖ ತೊಳೆದು, ಬಾಟಲಿ ತುಂಬಲು ಕೂತೆ. ಕಣ್ಣೀರು ಬೆರೆತರೆ ಉಪ್ಪಿನ ನೀರು ಕುಡಿಯುವವರಿಗೆ ಲಾಭ ಎಂದು ನನಗೆ ನಾನೇ ಜೋಕು ಮಾಡಿಕೊಂಡೆ.

ನಾವು ನೂರ ನಲವತ್ತಾರು ಹೊಡೆದೆವು. ಅವರು ಬೆನ್ನಟ್ಟಿದರು. ಒಂದು ಕಡೆ ವಿಕೆಟ್ ಬೀಳುತ್ತಿದ್ದರೂ ಇನ್ನೊಂದು ಕಡೆ ಸುತ್ತಿಗೆ ಅಲ್ಲಾಡಲಿಲ್ಲ. ಹದಿನೆಂಟನೇ ಓವರಿನಲ್ಲಿ ಚಿಗರೆ ಒಂದು ಬೌಂಡರಿ ತಡೆಯಲು ಹಾರಿ ಬಿದ್ದು, ತೊಡೆಯ ಹಿಂಭಾಗ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಇಬ್ಬರು ಹೆಗಲು ಕೊಟ್ಟು ಹೊರಗೆ ಕರೆತಂದರು. ಮೇಡಂ ಬೆಂಚಿನ ಕಡೆ ತಿರುಗಿದರು.

“ನೀರು, ಬಾಟ್ಲಿ ಕೆಳಗಿಡು. ಒಳಗೆ ಹೋಗು.”

ಗಾಯಗೊಂಡವಳ ಬದಲಿಗೆ ಇನ್ನೊಬ್ಬಳು ಫೀಲ್ಡಿಂಗ್ ಮಾಡಬಹುದು, ಬ್ಯಾಟು, ಬೌಲು ಮಾಡುವ ಹಾಗಿಲ್ಲ. ಇದು ಆಡಿದ ಲೆಕ್ಕಕ್ಕೆ ಬರುತ್ತಾ ಮೇಡಂ ಎಂದು ಕೇಳಿದೆ. ಅವರು ನನ್ನ ಬೆನ್ನಿಗೊಂದು ಗುದ್ದಿದರು, ಓಡಿದೆ.

ಅಕ್ಕ ನನ್ನನ್ನು ವಿಕೆಟ್ ಕೀಪರಿನ ಹಿಂದೆ, ದೂರದ ಗಡಿಯಲ್ಲಿ ನಿಲ್ಲಿಸಿದಳು. ಚೆಂಡು ಕಡಿಮೆ ಬರುವ ಜಾಗ. ಬೇಜಾರಾಗಲಿಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಕೊನೆಯ ಓವರಿಗೆ ಹನ್ನೆರಡು ರನ್ ಬೇಕಿತ್ತು. ಚೆಂಡನ್ನು ಅಕ್ಕ ತಾನೇ ತೆಗೆದುಕೊಂಡಳು. ಎದುರಿಗೆ ಸುತ್ತಿಗೆ. ಮೊದಲ ಎಸೆತಕ್ಕೆ ಎರಡು ರನ್. ಎರಡನೆಯದು ಬ್ಯಾಟಿಗೆ ಸಿಗಲಿಲ್ಲ. ಮೂರನೆಯದಕ್ಕೆ ಮತ್ತೆ ಎರಡು. ಮೂರು ಎಸೆತಕ್ಕೆ ಎಂಟು ಬೇಕು. ಆಗ ಸುತ್ತಿಗೆ ಹೊರಗೆ ನೋಡಿ ಕೈ ಎತ್ತಿದಳು.

ಅವರ ನೀರಿನ ಹುಡುಗಿ ಓಡಿ ಬಂದಳು. ಅವಳ ಕೈಯಲ್ಲಿ ಒಂದೇ ಗ್ಲೌಸ್. ಹೆಬ್ಬೆರಳು ಯಾವ ಕಡೆಗಿದೆ ಎಂದು ನೋಡಿದೆ. ಬಲಗೈ.

ನನ್ನ ಕಾಲು ನನ್ನನ್ನು ಕೇಳದೆಯೇ ಓಡತೊಡಗಿತು. ಅಕ್ಕನ ಹತ್ತಿರ ನಿಂತಾಗ ಉಸಿರು ಸಿಗುತ್ತಿರಲಿಲ್ಲ.

“ಅಕ್ಕ, ಗ್ಲೌಸು.”

ಅವಳ ಮುಖದಲ್ಲಿ ಆ ಮೂರನೇ ಪಂದ್ಯ ಪೂರ್ತಿ ಬಂದು ಹೋಯಿತು. “ಈಗ ಗ್ಲೌಸ್ ವಿಷಯ ಮಾತಾಡ್ತೀಯಾ? ನೀನು?”

“ಬಲಗೈದು ಒಂದೇ ತರಿಸಿದ್ದಾಳೆ. ಹಾಗೆ ತರಿಸಿದ್ರೆ ಮುಂದಿನ ಬಾಲು ಅವಳ ಎಡಕ್ಕೆ, ಹಗ್ಗದ ಮೇಲೆ. ಪ್ರತಿ ಸಲಾನೂ. ನೋಡಿದ್ದೀನಿ ಅಕ್ಕ. ಅವತ್ತಿಂದ ನಾನು ಬೇರೆ ಏನೂ ನೋಡೇ ಇಲ್ಲ.”

ಆ ಕಡೆ ಗಡಿಯಲ್ಲಿ ನಮ್ಮವರು ಯಾರೂ ಇರಲಿಲ್ಲ. ಅಂಪೈರ್ ಕೆಮ್ಮಿದರು. ಅಕ್ಕ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ಸುತ್ತಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಸರಿ. ನೀನೇ ಹೋಗಿ ನಿಂತ್ಕೋ. ಹೇಳಿದವಳೇ ಹಿಡೀಬೇಕು.”

ಆ ಬದಿಯಲ್ಲಿ ಒಳಗೆ ನಿಂತಿದ್ದವಳನ್ನು ನನ್ನ ಜಾಗದ ಕಡೆ ಕಳಿಸಿದಳು. ನಾನು ಹಗ್ಗದ ಹತ್ತಿರ ಹೋಗಿ ನಿಂತೆ. ಸುತ್ತಿಗೆ ಎಲ್ಲವನ್ನೂ ನೋಡುತ್ತಿದ್ದಳು. ನೋಡಿ ಮನಸ್ಸು ಬದಲಿಸುತ್ತಾಳೆ ಎಂದುಕೊಂಡೆ. ಆದರೆ ಅಲ್ಲಿ ಬಂದು ನಿಂತವಳು ಯಾರು ಎಂದು ಅವಳಿಗೆ ಗೊತ್ತಾಯಿತು. ಎಡಗೈ ಎತ್ತಿ ನನ್ನತ್ತ ಬೆರಳಾಡಿಸಿದಳು, ನಕ್ಕಳು. ಆಗಲೇ ಖಾತ್ರಿಯಾಯಿತು. ಇವಳು ನನ್ನ ಮೇಲೇ ಹೊಡೆಯುತ್ತಾಳೆ.

ಸದ್ದು ಮೊದಲು ಕೇಳಿತು. ಆಮೇಲೆ ಚೆಂಡು ಕಂಡಿತು. ಮೇಲೆ, ಇನ್ನೂ ಮೇಲೆ, ಇಳಿಯುವ ಮನಸ್ಸೇ ಇಲ್ಲದ ಹಾಗೆ. ಸೂರ್ಯನ ಹತ್ತಿರ ಹೋಗಿ ಒಮ್ಮೆ ಮಾಯವಾಯಿತು. ನಾನು ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ಮೂರನೆಯದು ಇಡುವ ಹಾಗಿಲ್ಲ, ಹಿಂದೆ ಹಗ್ಗ ಇದೆ ಎಂದು ಹಿಮ್ಮಡಿಗೆ ಗೊತ್ತಿತ್ತು. ದಿನಾ ಆ ಹಗ್ಗ ದಾಟಿಯೇ ಅಲ್ಲವೇ ನೀರು ಒಯ್ಯುತ್ತಿದ್ದದ್ದು. ಎರಡೂ ಕೈ ಎತ್ತಿದೆ. ಚೆಂಡು ಬಂದು ಅಂಗೈಗೆ ಬಡಿದಾಗ ಹಲ್ಲಿನವರೆಗೆ ಉರಿಯಿತು. ಬಿಡಲಿಲ್ಲ.

ಕಾಲು ಹಗ್ಗಕ್ಕೆ ತಾಗಿತೇ ಎಂದು ಅಂಪೈರ್ ಟಿವಿ ಅಂಪೈರನ್ನು ಕೇಳಿದರು. ದೊಡ್ಡ ಪರದೆಯಲ್ಲಿ ನನ್ನ ಹಿಮ್ಮಡಿಯೂ ಹಗ್ಗವೂ ಬಂದವು, ನಡುವೆ ಒಂದು ಬೆರಳು ತೂರುವಷ್ಟು ಹುಲ್ಲು. ಔಟ್. ಸುತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಆ ಹೊಸ ಗ್ಲೌಸನ್ನು ಬಿಚ್ಚುತ್ತ ಹೊರಟಳು.

ಎರಡು ಎಸೆತಕ್ಕೆ ಎಂಟು. ಹೊಸಬಳು ಒಂದು ರನ್ ಓಡಿದಳು. ಕೊನೆಯ ಎಸೆತಕ್ಕೆ ಏಳು ಬೇಕು, ಸಿಕ್ಸರ್ ಹೊಡೆದರೂ ಸಾಲದು. ಬೌಂಡರಿ ಹೋಯಿತು, ಯಾರೂ ಬೆನ್ನಟ್ಟಲಿಲ್ಲ. ಎಲ್ಲರೂ ಅಕ್ಕನ ಕಡೆ ಓಡುತ್ತಿದ್ದೆವು. ಎರಡು ರನ್ನಿನ ಗೆಲುವು. ಕಪ್ ನಮ್ಮದು.

ನನ್ನನ್ನು ನೆಲದ ಮೇಲೆ ಉರುಳಿಸಿ, ಬೆಂಚಿನ ಮೇಲಿದ್ದ ಅಷ್ಟೂ ಬಾಟಲಿಗಳನ್ನು ನನ್ನ ಮೇಲೆ ಸುರಿದರು. ಉಪ್ಪಿನದು, ಸಕ್ಕರೆಯದು, ತಣ್ಣೀರು, ಎಲ್ಲ. ಚಿಗರೆ ಕುಂಟುತ್ತ ಬಂದು ಕೊನೆಯ ಬಾಟಲಿ ಖಾಲಿ ಮಾಡಿದಳು. ಮೇಡಂ ದೂರದಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದರು, ಎಷ್ಟು ಒರೆಸಿದರೂ ಅದು ಒಣಗುತ್ತಿರಲಿಲ್ಲ.

ಎದ್ದು ಸ್ಕೋರ್‌ಬೋರ್ಡ್ ನೋಡಿದೆ. ಸುತ್ತಿಗೆಯ ಹೆಸರಿನ ಮುಂದೆ ಔಟಾದ ಬಗೆ ಬರೆದಿತ್ತು. ಕ್ಯಾಚ್: ಬದಲಿ.

ಬಸ್ಸಿನಲ್ಲಿ ಫೋನು ಕೈಗೆ ಬಂದ ಕೂಡಲೇ ಲೀಗ್‌ನ ಪುಟ ತೆರೆದೆ. ನನ್ನ ಹೆಸರಿನ ಮುಂದೆ ಆಡಿದ ಪಂದ್ಯ ಸೊನ್ನೆ, ಕ್ಯಾಚ್ ಸೊನ್ನೆ. ಬದಲಿಯವಳು ಹಿಡಿದದ್ದು ಬದಲಿಯವಳ ಲೆಕ್ಕಕ್ಕೆ ಬರುವುದಿಲ್ಲವಂತೆ. ಅಕ್ಕ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ನನ್ನ ಫೋನಿಗೆ ಇಣುಕಿ ನೋಡಿದಳು.

“ಮುಂದಿನ ವರ್ಷ ನೀರಿಗೆ ಬೇರೆಯವರನ್ನ ಹುಡುಕ್ಬೇಕು ಅಂತಿದ್ರು ಮೇಡಂ,” ಎಂದಳು. “ನಿನ್ನನ್ನ ಹನ್ನೊಂದರಲ್ಲಿ ಹಾಕ್ತಾರಂತೆ.”

ಫ್ರಿಜ್ಜಿನ ಹಾಳೆಯ ಕಥೆ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, ನಿಮ್ಮಮ್ಮನ ಕೌಂಟರಿನಲ್ಲಿ ಶಿಫಾರಸು ಪತ್ರ ನಡೆಯುತ್ತಾ ಎಂದು ಕೇಳಿದಳು. ನಡೆಯಲ್ಲ ಎಂದೆ.

ಮರುದಿನ ಬೆಳಿಗ್ಗೆ ಮನೆ ಸೇರಿದಾಗ ಅಮ್ಮ ಕೆಲಸಕ್ಕೆ ಹೊರಟು ನಿಂತಿದ್ದಳು. ತೂಕದ ಬಟ್ಟುಗಳ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಅಜ್ಜಿ ನನ್ನ ಎರಡೂ ಅಂಗೈ ತಿರುಗಿಸಿ ನೋಡಿ, ಕೆಂಪಗಾಗಿದ್ದ ಜಾಗಕ್ಕೆ ಎಣ್ಣೆ ಹಚ್ಚಲು ಕೂತಳು. ಅಮ್ಮ ಪ್ರತಿ ಭಾನುವಾರದ ಪ್ರಶ್ನೆಯನ್ನೇ ಕೇಳಿದಳು.

“ಆಡಿದ್ಯಾ?”

ಇಡೀ ದಾರಿ ಇದಕ್ಕೆ ಹತ್ತು ಉತ್ತರ ಕಟ್ಟಿಕೊಂಡು ಬಂದಿದ್ದೆ. ಹೇಳಿದ್ದು ಹನ್ನೊಂದನೆಯದು. “ಲೆಕ್ಕದಲ್ಲಿ ಇಲ್ಲಮ್ಮ.”

ಅಷ್ಟು ಸಾಕಾಯಿತು, ಅಜ್ಜಿ ಶುರು ಮಾಡಿದಳು. ಇಡೀ ಬೀದಿ ನೋಡಿದೆ, ಎದುರು ಮನೆಯವರು ಪಟಪಟ ಚಪ್ಪಾಳೆ ತಟ್ಟಿದ್ದಾರೆ, ನಿನ್ನ ತಕ್ಕಡಿಗೆ ಮಾತ್ರ ಕಣ್ಣಿಲ್ಲ ಎಂದು ಅಮ್ಮನನ್ನು ಬೈದಳು. ಅಮ್ಮ ಕೈ ಎತ್ತಿ ನಿಲ್ಲಿಸಿದಳು. ತಾನೂ ರಾತ್ರಿ ಕೂತು ನಿಯಮ ಓದಿದೆ, ಬದಲಿ ಫೀಲ್ಡರ್ ಪಂದ್ಯ ಆಡಿದ ಹಾಗಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ ಎಂದಳು. ನಾನು ಅಟ್ಟದ ಕಡೆ ನೋಡಿದೆ.

ಅಮ್ಮ ಪೆನ್ನಿನ ಮುಚ್ಚಳ ತೆಗೆದು ಫ್ರಿಜ್ಜಿನ ಮುಂದೆ ನಿಂತಳು.

“ತಕ್ಕಡಿ ಇದೆ. ಮುಳ್ಳು ಚೆನ್ನಾಗೇ ಅಲ್ಲಾಡ್ತಿದೆ. ಪೂರ್ತಿ ತೂಕ ಇಟ್ಟು ಯಾರೂ ನೋಡಿಲ್ಲ, ಅಷ್ಟೇ. ಅಂಥ ತಕ್ಕಡೀನ ಈ ಇಪ್ಪತ್ತು ವರ್ಷದಲ್ಲಿ ನಾನು ಒಂದ್ಸಲಾನೂ ಫೇಲ್ ಮಾಡಿಲ್ಲ.”

‘ಫಲಿತಾಂಶ’ದ ಮುಂದೆ ನಿಧಾನವಾಗಿ, ಅಚ್ಚುಕಟ್ಟಾಗಿ ಬರೆದಳು: ಪರೀಕ್ಷೆ ಬಾಕಿ. ಅದರ ಕೆಳಗೆ: ಮುಂದಿನ ದಿನಾಂಕ, ಮುಂದಿನ ಸೀಸನ್. ಅದರ ಕೆಳಗೆ ಇನ್ನೂ ಚಿಕ್ಕ ಅಕ್ಷರದಲ್ಲಿ: ಅಲ್ಲಿಯವರೆಗೆ ಕಾಲೇಜಿನ ಹಾಜರಿ ಕಡ್ಡಾಯ. ಸಹಿ ಹಾಕಿ ಪೆನ್ನನ್ನು ನನಗೆ ಕೊಟ್ಟಳು. ನಾನು ಎಣ್ಣೆ ಕೈಯಲ್ಲೇ ಸಹಿ ಹಾಕಿದೆ, ಹಾಳೆಯ ಮೂಲೆಯಲ್ಲಿ ದೊಡ್ಡ ಕಲೆಯಾಯಿತು. ಅಜ್ಜಿ ಈ ಸಲವೂ ಓದದೆ ಸಹಿ ಹಾಕಿದಳು.

ಅಮ್ಮ ಪೆಟ್ಟಿಗೆ ಎತ್ತಿಕೊಂಡು ಬಾಗಿಲವರೆಗೆ ಹೋದವಳು ಮತ್ತೆ ತಿರುಗಿ ಬಂದಳು. ಪೆಟ್ಟಿಗೆಯನ್ನು ಬಲಗೈಗೆ ಬದಲಿಸಿಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ನನ್ನ ಕೈಕುಲುಕಲು ಕೈ ಚಾಚಿದಳು.

ಎಡಗೈ.